ದೊಡ್ಡಪ್ಪನ ಡಿ ಡ್ರೈವ್

2025 ಅಕ್ಟೋಬರ್ 26, ಭಾನುವಾರ
ಸೋಮವಾರಪೇಟೆ

“ನನ್ನ ಡಿ ಎಲ್ಲಿ ಹೋಯ್ತು ಪುಟ್ಟಿ?”

ಹಳೆ ವಿಂಡೋಸಿನ ಪಕ್ಕ ಹೊಸದನ್ನು ಹಾಕಿದರೆ ಹೀಗಾಗುತ್ತೆ ಅಂತ ದೊಡ್ಡಪ್ಪನಿಗೆ ಬೆಳಗ್ಗೆಯೇ ಹೇಳಿದ್ದೆ. ಆಗ ತಲೆ ಆಡಿಸಿದ್ದರು. ಆದರೆ ಕಣ್ಣೆದುರೇ ಡಿ ಡ್ರೈವ್ ತೆರೆದು, ಒಳಗೆ ‘ಮಳೆ’ ಫೋಲ್ಡರ್ ಇರಬೇಕಾದ ಕಡೆ ‘ಪ್ರೋಗ್ರಾಂ ಫೈಲ್ಸ್’, ‘ಯೂಸರ್ಸ್’ ಅಂತೆಲ್ಲ ಕಂಡಾಗ ದೊಡ್ಡಪ್ಪನ ಮುಖ ಸಣ್ಣದಾಯಿತು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಗಾಜಿನ ತಪ್ಪಿರಬಹುದು ಅಂತ.

ಅವರಿಗೆ ಡಿ ಅಂದರೆ ಮಳೆ. ಕಂಪ್ಯೂಟರಿನಲ್ಲಿ ಬೇರೆ ಏನಿದೆ ಅಂತ ಗೊತ್ತೂ ಇಲ್ಲ, ಗೊತ್ತಾಗಬೇಕು ಅಂತಲೂ ಇಲ್ಲ. ವರ್ಷಕ್ಕೊಂದು ಎಕ್ಸೆಲ್ ಫೈಲು, ತಿಂಗಳಿಗೊಂದು ಹಾಳೆ. ಬೆಳಗ್ಗೆ ಅಂಗಳದ ಮಳೆ ಮಾಪಕ ನೋಡಬೇಕು, ಇಂಚು-ಸೆಂಟಿನಲ್ಲಿ ಬರೆಯಬೇಕು, ಆಮೇಲೇ ಕಾಫಿ. ನೂರು ಸೆಂಟಿಗೆ ಒಂದು ಇಂಚು, ತೋಟದವರಿಗೆ ಬೇರೆ ಲೆಕ್ಕ ಒಗ್ಗೋದಿಲ್ಲ. ಟಿವಿಯಲ್ಲಿ ಮಿಲಿಮೀಟರ್ ಹೇಳಿದರೆ 25.4ರಿಂದ ಭಾಗಿಸಿಕೊಂಡೇ ನಂಬುತ್ತಾರೆ. ಕಾಫಿ ಹೂ ಬಿಡಿಸುವ ಹೂಮಳೆ ಯಾವತ್ತು ಬಂತು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು, ಎಲ್ಲ ಅದರಲ್ಲೇ ಇದೆ.

ಈ ತಿಂಗಳು 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ವಾ. ಅವತ್ತಿಂದ ಮೈಸೂರಿನ ಭಾವನ ಫೋನು ನಿಂತಿಲ್ಲ. “ಎಲ್ಲಾ ಫಾರ್ಮ್ಯಾಟ್ ಹೊಡೆದು ಹನ್ನೊಂದು ಹಾಕಿಬಿಡು, ಒಂದು ಗಂಟೆ ಕೆಲಸ.” ಭಾವನಿಗೆ ಎಲ್ಲವೂ ಒಂದು ಗಂಟೆ ಕೆಲಸವೇ. ಅರೇಬಿಕಾ ಕಾಫಿ ಕೊಯ್ಲು ಇನ್ನೇನು ಶುರು. ವಾರದ ಬಟವಾಡೆ, ಆಳುಗಳ ಹಾಜರಿಯ ಚೆಕ್ ರೋಲ್, ಲೆಕ್ಕ ಬರೆಯುವ ಟ್ಯಾಲಿ, ಕಿರ್ರ್ ಅನ್ನುವ ಆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಎಲ್ಲವೂ ಹಳೆ ವಿಂಡೋಸಿಗೆ ಹೊಂದಿಕೊಂಡು ಕೂತಿವೆ. ಸೀಸನ್ ನಡುವೆ ಪ್ರಿಂಟರ್ ಮಾತು ಕೇಳದಿದ್ದರೆ ಭಾವ ಮೈಸೂರಿಂದ ಬಂದು ಕೈಯಲ್ಲಿ ಚೀಟಿ ಬರೆದುಕೊಡುತ್ತಾರಾ? ಅದಕ್ಕೇ ಹಳೆಯದನ್ನು ಮುಟ್ಟದೆ, ಡಿಸ್ಕಿನಲ್ಲಿ ಖಾಲಿ ಬಿದ್ದಿದ್ದ ಮೂರನೇ ಭಾಗದಲ್ಲಿ, ಅಂದರೆ ಪಾರ್ಟಿಷನ್ನಿನಲ್ಲಿ, ಹೊಸದನ್ನು ಹಾಕೋಣ ಅಂದೆ. ರೊಬಸ್ಟಾ ಕೊಯ್ಲೂ ಮುಗಿಯುವವರೆಗೆ ಎರಡೂ ಇರಲಿ.

ಹಾಕುವುದೇನೂ ಕಷ್ಟವಲ್ಲ. ತಲೆನೋವು ಇರೋದು ಅಕ್ಷರಗಳದ್ದು.

ತುಂಬಾ ಜನ ಸಿ, ಡಿ, ಇ ಅನ್ನೋದನ್ನು ಡಿಸ್ಕಿನ ಮೇಲೇ ಬರೆದಿಟ್ಟಿದ್ದಾರೆ ಅಂದುಕೊಂಡಿದ್ದಾರೆ. ಹಾಗಿಲ್ಲ. ಯಾವ ಪಾರ್ಟಿಷನ್ನಿಗೆ ಯಾವ ಅಕ್ಷರ ಅನ್ನೋ ಪಟ್ಟಿ ಆಯಾ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನೆಲ್ಲ ಬರೆದಿಡುವ ರಿಜಿಸ್ಟ್ರಿಯಲ್ಲಿ, ಮೌಂಟೆಡ್ ಡಿವೈಸಸ್ ಅನ್ನೋ ಜಾಗದಲ್ಲಿ ಇರುತ್ತದೆ. ಒಂದೇ ಯಂತ್ರದಲ್ಲಿ ಎರಡು ವಿಂಡೋಸ್ ಇದ್ದರೆ ಪಟ್ಟಿಯೂ ಎರಡು. ಒಂದರ ಪಟ್ಟಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಪೆನ್ ಡ್ರೈವಿನಿಂದ ಬೂಟ್ ಮಾಡಿ, ಅಂದರೆ ಮಷಿನ್ನನ್ನೇ ಅದರಿಂದ ಎಬ್ಬಿಸಿ, ಹಾಕಿದರೆ ಹೊಸ ವಿಂಡೋಸ್ ತಾನು ಕೂತ ಜಾಗವನ್ನೇ ಸಿ ಅನ್ನುತ್ತದೆ. ಉಳಿದವಕ್ಕೆ ಸಿಕ್ಕಿದ ಅಕ್ಷರ. ನಮ್ಮಲ್ಲೂ ಅದೇ ಆಯಿತು. ಹಳೆಯ ಇ ಈಗ ಸಿ, ಹಳೆಯ ಸಿ ಈಗ ಡಿ, ದೊಡ್ಡಪ್ಪನ ಮಳೆ ಇ.

ಇದನ್ನೇ ಹೇಳಿದೆ. ಅರ್ಥವಾಗಲಿಲ್ಲ.

“ಒಂದೇ ಜಾಗಕ್ಕೆ ಎರಡು ಹೆಸರಾ? ಅದೆಂಥಾ ವ್ಯವಸ್ಥೆ?”

“ದೊಡ್ಡಪ್ಪ, ಹೊಳೆ ಬದಿ ಗದ್ದೆಗೆ ನಾವು ಏನಂತೀವಿ?”

“ಕೆಳಗದ್ದೆ.”

“ಅದರ ಕೆಳಗಿನ ಮನೆಯವರು?”

“ಅವರಿಗೆ ಅದು ಮೇಲುಗದ್ದೆ.” ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ, “ಪಹಣಿಯಲ್ಲಿ ಸರ್ವೆ ನಂಬರ್ ಒಂದೇ ಇರುತ್ತೆ. ಇದಕ್ಕೂ ಇದೆಯಾ?” ಅಂದರು.

ಇದೆ. ಜಿಪಿಟಿ ಅನ್ನೋ ಹೊಸ ರೀತಿಯಲ್ಲಿ ಭಾಗ ಮಾಡಿದ ಡಿಸ್ಕಿನಲ್ಲಿ ಪ್ರತಿ ಪಾರ್ಟಿಷನ್ನಿಗೂ 16 ಬೈಟಿನ ಒಂದು ಗುರುತು ಇರುತ್ತದೆ. ಹಳೇ ರೀತಿಯ ಎಂಬಿಆರ್ ಡಿಸ್ಕಾದರೆ ಡಿಸ್ಕಿನ ಸಹಿ ಮತ್ತು ಪಾರ್ಟಿಷನ್ ಎಲ್ಲಿಂದ ಶುರುವಾಗುತ್ತೆ ಅನ್ನೋ ಅಳತೆ. ವಿಂಡೋಸ್ ಆ ಗುರುತನ್ನು ನೋಡಿ ತನ್ನ ಪಟ್ಟಿಯಿಂದ ಅಕ್ಷರ ತೆಗೆಯುತ್ತದೆ. ಲಿನಕ್ಸಿನವರಿಗೆ ಈ ಗೊಂದಲವೇ ಇಲ್ಲ, ಅಲ್ಲಿ ಡ್ರೈವಿಗೆ ಅಕ್ಷರವೇ ಇಲ್ಲ. ನಮಗೆ ಮಾತ್ರ ಫ್ಲಾಪಿ ಕಾಲದ ಋಣ. ಎ, ಬಿ ಎರಡೂ ಫ್ಲಾಪಿಗೆ ಮೀಸಲಾಗಿದ್ದವು, 1983ರಲ್ಲಿ ಐಬಿಎಂನ ಕಂಪ್ಯೂಟರ್ ಎಕ್ಸ್‌ಟಿ 10 ಎಂಬಿ ಹಾರ್ಡ್ ಡಿಸ್ಕ್ ಜೊತೆ ಬಂದಾಗ ಅದು ಸಿ ಆಯಿತು. ಫ್ಲಾಪಿ ಹೋಗಿ ಯಾವ ಕಾಲವಾಯಿತು, ಎ ಬಿ ಇನ್ನೂ ಖಾಲಿ ಸೀಟು ಕಾಯ್ದುಕೊಂಡು ಕೂತಿವೆ.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇದು ಇನ್ನೂ ಗೋಳು. ಕಾರ್ಡ್ ರೀಡರ್ ಸಿಕ್ಕಿಸಿಟ್ಟು ಎಕ್ಸ್‌ಪಿ ಹಾಕಿದರೆ ಅದರ ಖಾಲಿ ತೂತುಗಳೇ ಮೊದಲ ಅಕ್ಷರಗಳನ್ನೆಲ್ಲ ನುಂಗಿ, ವಿಂಡೋಸ್ ಹೋಗಿ ಎಚ್ ಅಥವಾ ಐ ಡ್ರೈವಿನಲ್ಲಿ ಕೂರುತ್ತಿತ್ತು. ಒಮ್ಮೆ ಕೂತರೆ ಮುಗಿಯಿತು. ವಿಂಡೋಸ್ ಇರುವ ಡ್ರೈವಿನ ಅಕ್ಷರವನ್ನು, ಡ್ರೈವುಗಳನ್ನು ನೋಡಿಕೊಳ್ಳುವ ಡಿಸ್ಕ್ ಮ್ಯಾನೇಜ್‌ಮೆಂಟ್ ಬದಲಿಸೋಕೆ ಬಿಡೋದಿಲ್ಲ. ರಿಜಿಸ್ಟ್ರಿ ತಿದ್ದಿ ಬದಲಿಸಿದರೂ ಸಾವಿರ ಕಡೆ ಹಳೆ ದಾರಿಯೇ ಬರೆದಿರುತ್ತದೆ, ಮಷಿನ್ ಏಳುವುದೇ ಅನುಮಾನ. ವಿಂಡೋಸ್ 7ರಲ್ಲೂ ಒಂದು ಪೇಚಿತ್ತು. ಡಿವಿಡಿಯಿಂದ ಬೂಟ್ ಮಾಡಿದರೆ ಹೊಸದು ಸಿ ಆಗುತ್ತಿತ್ತು. ಹಳೆ ವಿಂಡೋಸಿನ ಒಳಗಿಂದಲೇ ಸೆಟಪ್ ಓಡಿಸಿದರೆ ಹಳೆಯದರ ಅಕ್ಷರಗಳನ್ನೇ ಉಳಿಸಿಕೊಂಡು ತನ್ನನ್ನು ತಾನು ಇ ಅಂತಲೇ ಕರೆದುಕೊಳ್ಳುತ್ತಿತ್ತು. ಯಾವುದು ಬೇಕು ಅಂತ ಶುರು ಮಾಡುವ ಮೊದಲೇ ತೀರ್ಮಾನಿಸಬೇಕಿತ್ತು.

ನನ್ನನ್ನು ಕೇಳಿದರೆ ಸೆಟಪ್‌ಗೆ ಕೈ ಹಾಕುವ ಮೊದಲು ಮಾಡಬೇಕಾದ ಕೆಲಸ ಅಂದರೆ ಪಾರ್ಟಿಷನ್ನುಗಳಿಗೆ ಹೆಸರಿಡೋದು. ಹೆಸರು, ಅಂದರೆ ಲೇಬಲ್, ಪಾರ್ಟಿಷನ್ನಿನ ಒಳಗೇ ಇರುತ್ತದೆ. ಯಾವ ವಿಂಡೋಸಿನಿಂದ ನೋಡಿದರೂ ಅದೇ. ಇಂಗ್ಲಿಷ್ ಅಕ್ಷರದಲ್ಲಿ ‘ಹಳತು’, ‘ತೋಟ’, ‘ಹೊಸತು’ ಅಂತ ಇಟ್ಟಿದ್ದೆ. ಕನ್ನಡದಲ್ಲೇ ಇಡಬಹುದಿತ್ತು, ಆದರೆ ಸೆಟಪ್ ನಡುವೆ ಆಜ್ಞೆ ಟೈಪ್ ಮಾಡುವ ಕಪ್ಪು ಪರದೆಯಲ್ಲಿ ಕನ್ನಡ ಚೌಕ ಚೌಕವಾಗಿ ಬರುತ್ತದೆ. ಸೆಟಪ್ ನಡುವೆ ಶಿಫ್ಟ್ ಮತ್ತು ಎಫ್10 ಒತ್ತಿ, ಪಾರ್ಟಿಷನ್ನುಗಳನ್ನು ನೋಡುವ ಡಿಸ್ಕ್‌ಪಾರ್ಟ್ ತೆರೆದು, ಲಿಸ್ಟ್ ವಾಲ್ಯೂಮ್ ಅಂದರೆ ಹೆಸರು, ಸೈಜು ಎಲ್ಲ ಸಾಲಾಗಿ ಬರುತ್ತವೆ. ಅಲ್ಲಿ ಕಾಣುವ ಅಕ್ಷರಗಳನ್ನು ಮಾತ್ರ ನಂಬಬಾರದು. ಸೆಟಪ್ ತಾನೇ ಎಕ್ಸ್ ಅನ್ನೋ ಡ್ರೈವಿನಲ್ಲಿ ಕೂತು ಮಿಕ್ಕವಕ್ಕೆ ತನಗೆ ತೋಚಿದ ಅಕ್ಷರ ಕೊಟ್ಟಿರುತ್ತದೆ. ‘ಇ ತಾನೇ ಖಾಲಿ’ ಅಂತ ಅಕ್ಷರ ನೋಡಿ ಫಾರ್ಮ್ಯಾಟ್ ಒತ್ತಿದವರ ಫೋಟೋ, ಮದುವೆ ವಿಡಿಯೋ ಎಲ್ಲ ಹೋಗಿರೋದು ಇಲ್ಲೇ.

ನಡುವೆ ಊರಿನ ಗ್ರೂಪಿನಲ್ಲಿ ಮೆಸೇಜು. ಆನೆಗಳು ಬಾಣೆ ಕಡೆ ಇವೆ, ಕತ್ತಲಾಗುವ ಮೊದಲು ಮನೆ ಸೇರಿ ಅಂತ. ದೊಡ್ಡಮ್ಮ ಬೆಲ್ಲದ ಕಾಫಿ, ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ ತಂದಿಟ್ಟು, “ಮೊದಲು ತಿಂದು ಹೊರಡು, ನಿಮ್ಮ ಎಬಿಸಿಡಿ ನಾಳೆಗೂ ಇರುತ್ತೆ” ಅಂದರು. ದೊಡ್ಡಪ್ಪ ಬಿಡಲಿಲ್ಲ. “2018ರ ಆಗಸ್ಟ್ ತೆಗೆದು ತೋರಿಸು, ಆಮೇಲೆ ಹೋಗು.”

ಹೊಸ ವಿಂಡೋಸಿನಲ್ಲಿ ಎಕ್ಸೆಲ್ಲೇ ಇಲ್ಲ. ಇನ್ನೂ ಏನೂ ಹಾಕಿಲ್ಲ, ಬೇಕೆಂದೇ ಹಾಕಿಲ್ಲ. ರೀಸ್ಟಾರ್ಟ್ ಮಾಡಿ ಹಳೆಯದಕ್ಕೆ ಹೋದೆ. ಅಲ್ಲಿ ಡಿ ಡಿಯಾಗಿಯೇ ಇತ್ತು, ಮಳೆ ಅದರೊಳಗೇ ಇತ್ತು. ಫೈಲು ತೆರೆದೆ. ತಿಂಗಳ ನಡುವೆ ಕೆಲವು ದಿನ ಖಾಲಿ. ಯಾಕೆ ಬರೆದಿಲ್ಲ ಅಂತ ಕೇಳಿದೆ. “ಮಾಪಕ ತುಂಬಿ ಹೊರಗೆ ಚೆಲ್ಲಿತ್ತು. ಸುಳ್ಳು ನಂಬರ್ ಬರೆಯೋದಾ?” ಮಾದಾಪುರದ ಕಡೆ ಗುಡ್ಡಗಳು ಜಾರಿದ ದಿನಗಳು ಅವು. ದೊಡ್ಡಪ್ಪ ಆ ಖಾಲಿ ಸಾಲುಗಳ ಮೇಲೆ ಬೆರಳು ಓಡಿಸಿ, “ಸರಿ, ಇದೆ” ಅಂದರು. ಖಾಲಿ ಜಾಗವೂ ಅಲ್ಲೇ ಇದೆಯಾ ಅಂತ ನೋಡಿಕೊಂಡದ್ದು. ನನಗೆ ಮಾತು ಹೊರಡಲಿಲ್ಲ.

ಆಮೇಲೆ ಕೆಲಸ ಬೇಗ ಆಯಿತು. ಮತ್ತೆ ಹೊಸದಕ್ಕೆ ಬಂದು ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. ನೇರವಾಗಿ ಮಳೆ ಇರುವ ‘ತೋಟ’ಕ್ಕೆ ಡಿ ಕೊಡೋಕೆ ಆಗೋದಿಲ್ಲ, ಡಿಯಲ್ಲಿ ಹಳತು ಕೂತಿದೆ. ಮೊದಲು ಅದನ್ನು ಎಬ್ಬಿಸಬೇಕು. ಹಳತಿಗೆ ಬೇರೆ ಅಕ್ಷರ ಕೊಡಬಹುದಿತ್ತು, ನಾನು ಅಕ್ಷರವನ್ನೇ ತೆಗೆದುಬಿಟ್ಟೆ. “ಅಕ್ಷರ ಇಲ್ಲದೆ ಇರೋಕಾಗುತ್ತಾ?” ಅಂದರು ದೊಡ್ಡಪ್ಪ. ಪರದೆಯ ಕೆಳಗಿನ ನೀಲಿ ಪಟ್ಟಿಯಲ್ಲಿ ಎಡತುದಿಯ 100 ಎಂಬಿ ತುಂಡನ್ನು ತೋರಿಸಿದೆ. ಅದು ಇಎಫ್‌ಐ, ಎರಡೂ ವಿಂಡೋಸ್ ಏಳುವುದೇ ಅದರಿಂದ. ಅದಕ್ಕೆ ಯಾವತ್ತೂ ಅಕ್ಷರ ಇರಲಿಲ್ಲ. ರಿಮೂವ್ ಒತ್ತಿದಾಗ, ಕೆಲವು ಪ್ರೋಗ್ರಾಂಗಳು ಈ ಅಕ್ಷರವನ್ನೇ ನಂಬಿರಬಹುದು, ಖಚಿತವಾ ಅಂತ ಕೇಳಿತು. ದೊಡ್ಡಪ್ಪ ನನ್ನ ಕೈ ಹಿಡಿದರು. ಖಚಿತ ಅಂತ ಒತ್ತಿದೆ. ತೆಗೆದದ್ದು ಅಕ್ಷರ ಮಾತ್ರ, ಒಳಗಿನ ಒಂದು ಫೈಲೂ ಅಲುಗೋದಿಲ್ಲ. ಇನ್ನೊಂದು ಲಾಭವೂ ಇದೆ. ಅಕ್ಷರ ಕಾಣದಿದ್ದರೆ ಯಾರೂ ಒಳಗೆ ಕೈ ಹಾಕೋದಿಲ್ಲ. ಹೊಸದರಿಂದ ಹಳತಿನ ಯೂಸರ್ ಫೋಲ್ಡರ್ ತೆರೆಯೋಕೆ ಹೋದರೆ ಅನುಮತಿ ಇಲ್ಲ ಅನ್ನುತ್ತೆ, ಕಂಟಿನ್ಯೂ ಒತ್ತಿದರೆ ಅನುಮತಿಗಳನ್ನೇ ಬದಲಿಸಿಬಿಡುತ್ತೆ. ಬೇಡದ ಉಸಾಬರಿ.

ಡಿ ಖಾಲಿಯಾದ ಮೇಲೆ ತೋಟಕ್ಕೆ ಡಿ. ಹಳೆಯದರಲ್ಲೂ ಹೀಗೆಯೇ ‘ಹೊಸತು’ವಿನ ಅಕ್ಷರ ತೆಗೆದೆ. ಈಗ ಎಲ್ಲಿಂದ ನೋಡಿದರೂ ಸಿ ಒಂದು, ಡಿ ಒಂದು, ಡಿ ಅಂದರೆ ಮಳೆ. ಪ್ರೋಗ್ರಾಂಗಳನ್ನು ಇನ್ನು ಹಾಕಬಹುದು. ಮೊದಲೇ ಹಾಕಿದ್ದರೆ ಅವು ತಪ್ಪು ಅಕ್ಷರವನ್ನು ಬರೆದಿಟ್ಟುಕೊಳ್ಳುತ್ತಿದ್ದವು. ಟ್ಯಾಲಿಯೂ ಡೇಟಾ ಎಲ್ಲಿದೆ ಅಂತ ತನ್ನ ಸೆಟ್ಟಿಂಗುಗಳ ಐಎನ್‌ಐ ಫೈಲಿನಲ್ಲಿ ದಾರಿ ಬರೆದಿಟ್ಟುಕೊಳ್ಳುತ್ತೆ.

ಉಳಿದದ್ದು ಪೆನ್ ಡ್ರೈವ್. ಸಂಜೆ ದೊಡ್ಡಪ್ಪ ಒಂದು ಬ್ಯಾಚ್ ಫೈಲನ್ನು ಎರಡು ಸಲ ಕ್ಲಿಕ್ ಮಾಡುತ್ತಾರೆ, ಮಳೆ ಫೋಲ್ಡರ್ ಡಿಯಿಂದ ಎಫ್‌ಗೆ ಕಾಪಿಯಾಗುತ್ತದೆ. ಯಾವಾಗಲೋ ಭಾವ ಬರೆದುಕೊಟ್ಟದ್ದು. ಅದರಲ್ಲಿ ಒಂದು ಗಂಟೆ ಕೆಲಸ ನಿಜಕ್ಕೂ ಇತ್ತು, ಒಪ್ಪೋಣ. ಈಗ ಹೊಸದರಲ್ಲಿ ಇ ಖಾಲಿ ಇರುವುದರಿಂದ ಪೆನ್ ಡ್ರೈವ್ ಬಂದು ಇ ಹಿಡಿಯುತ್ತದೆ. ಬ್ಯಾಚ್ ಫೈಲು ಎಫ್ ಹುಡುಕುತ್ತದೆ. ಅದಕ್ಕೇ ಪೆನ್ ಡ್ರೈವಿಗೆ ಪಿ ಕೊಟ್ಟೆ, ಎರಡೂ ವಿಂಡೋಸಿನಲ್ಲಿ ಬೇರೆ ಬೇರೆಯಾಗಿ. ಬ್ಯಾಚ್ ಫೈಲಿನಲ್ಲೂ ಪಿ. ಹೊಸ ಸಾಧನಗಳಿಗೆ ವಿಂಡೋಸ್ ಮೊದಲು ಸಿಗುವ ಖಾಲಿ ಅಕ್ಷರಗಳಿಂದ ಹಂಚುತ್ತಾ ಬರುತ್ತದೆ, ಕೊನೆಯ ಕಡೆ ನುಗ್ಗಲು ಜಾಸ್ತಿ ಇಲ್ಲ. ಒಮ್ಮೆ ಕೊಟ್ಟರೆ ಆ ಪೆನ್ ಡ್ರೈವನ್ನು ನೆನಪಿಟ್ಟುಕೊಳ್ಳುತ್ತದೆ.

ಫಾಸ್ಟ್ ಸ್ಟಾರ್ಟಪ್ ಕೂಡ ಎರಡರಲ್ಲೂ ಆಫ್ ಮಾಡಿದೆ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೂ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ. ಆ ಹೊತ್ತಿಗೆ ಇನ್ನೊಂದು ವಿಂಡೋಸಿನಿಂದ ಡಿಯಲ್ಲಿ ಮಳೆ ಬರೆದರೆ, ಹಳೆಯದು ಎದ್ದು ತನ್ನ ನೆನಪೇ ಸರಿ ಅಂತ ಕೂರಬಹುದು. ಬರೆದದ್ದು ಹಾಳಾಗಬಹುದು. ಇದನ್ನು ದೊಡ್ಡಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ ಮತ್ತೆ 2018 ತೆಗೆಸುತ್ತಿದ್ದರು.

ಸ್ಕೂಟರ್ ಹತ್ತುವಾಗ ಇನ್ನೂ ಬೆಳಕಿತ್ತು, ಪುಣ್ಯಕ್ಕೆ ಯಾವ ಆನೆಯೂ ಎದುರಾಗಲಿಲ್ಲ. ಈಗ ಮನೆಗೆ ಬಂದು ಕೂತ ಮೇಲೆ ಬೂಟ್ ಮೆನು ತಲೆ ಕೊರೆಯುತ್ತಿದೆ. ಮಷಿನ್ ಆನ್ ಮಾಡಿದರೆ ಎರಡು ಹೆಸರು ಬರುತ್ತವೆ, 30 ಸೆಕೆಂಡ್ ಕಾಯುತ್ತದೆ, ಆಮೇಲೆ ಹೊಸದಕ್ಕೆ ಹೋಗುತ್ತದೆ. ದೊಡ್ಡಪ್ಪನಿಗೆ ಕನ್ನಡಕ ಹುಡುಕೋಕೇ ಅಷ್ಟು ಹೊತ್ತು ಬೇಕು. ಬಟವಾಡೆ ದಿನ ತಪ್ಪಿ ಹೊಸದರೊಳಗೆ ಹೋಗಿ ಪ್ರಿಂಟರ್ ಕಾಣದಿದ್ದರೆ ನನಗೇ ಫೋನು. ಹಳೆಯದನ್ನೇ ಮೊದಲು ಬರುವ ಹಾಗೆ ಇಡೋದು ವಾಸಿ. ಆದರೆ ಹಾಗಿಟ್ಟರೆ ಹೊಸದನ್ನು ಅವರು ಮಾರ್ಚ್‌ವರೆಗೆ ತೆರೆದೇ ನೋಡೋದಿಲ್ಲ, ಆಗ ಭಾವನ ಫೋನು ಮತ್ತೆ ಶುರು.