ಬಾಗಿರೋ ಸ್ಟೀರಿಯೋ ಕಾರ್ಡನ್ನ ದಯವಿಟ್ಟು ಒತ್ತಬೇಡಿ

ಅಮೆರಿಕದಲ್ಲಿ ಹಳೇ ಫೋಟೋಗಳ ಸಂಗ್ರಹವೊಂದರಲ್ಲಿ ಕ್ಯಾಟಲಾಗ್ ಮಾಡೋ ಕೆಲಸ ನಂದು. ಸಂಗ್ರಾಹಕರು ಕೊಟ್ಟ ಸ್ಟೀರಿಯೋವ್ಯೂ ಕಾರ್ಡುಗಳೇ ಜಾಸ್ತಿ, ಅದ್ರಲ್ಲೂ 1893ರ ಶಿಕಾಗೋ ವಿಶ್ವ ಮೇಳದವು. (ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಈ ಮೇಳದ ಜೊತೆಗೇ ನಡೆದದ್ದು.) ಸುಮಾರು 7 ಇಂಚು ಉದ್ದದ ರಟ್ಟು, ಅದರ ಮೇಲೆ ಒಂದೇ ದೃಶ್ಯದ ಎರಡು ಫೋಟೋ, ಎರಡರ ಕೋನ ಚೂರು ಬೇರೆ, ಸ್ಟೀರಿಯೋಸ್ಕೋಪ್ ಅನ್ನೋ ಎರಡು ಮಸೂರದ ಸಾಧನದಲ್ಲಿಟ್ಟು ನೋಡಿದ್ರೆ ಆಳ ಕಾಣುತ್ತೆ.

ಹೊಸದಾಗಿ ಸೇರಿದವರು ಮೊದಲು ಕೇಳೋದೇ ಇದು: ಕಾರ್ಡ್ ಬಾಗಿದೆ, ತೇವ ತಗುಲಿದ್ಯಾ, ಭಾರ ಇಟ್ಟು ನೇರ ಮಾಡ್ಲಾ ಅಂತ. ಬೇಡ. 1880ರ ಸುಮಾರಿಂದ ತಯಾರಕರು ಬೇಕಂತಲೇ ರಟ್ಟನ್ನ ಬಾಗಿಸ್ತಿದ್ರು, ಆಳ ಇನ್ನೂ ಚೆನ್ನಾಗಿ ಕಾಣ್ಲಿ ಅಂತ. ಸ್ಕ್ಯಾನರ್ ಮುಚ್ಚಳ ಹಾಕಿ ಒತ್ತಿದ್ರೆ ರಟ್ಟು ಸೀಳುತ್ತೆ, ಫೋಟೋದ ಮೇಲ್ಪದರ ಬಿರುಕು ಬಿಡುತ್ತೆ, ಅದನ್ನ ಸರಿ ಮಾಡೋದು ತುಂಬಾ ಕಷ್ಟ. ಅದಕ್ಕೇ ನಾವು ಸ್ಟ್ಯಾಂಡಿಗೆ ಕ್ಯಾಮೆರಾ ಹಾಕಿ ಮೇಲಿಂದ ತೆಗಿತೀವಿ.

ಇನ್ನು ಕ್ರಾಪ್ ವಿಷಯ. ಆನ್‌ಲೈನಿಗೆ ಒಂದು ಅರ್ಧ ಸಾಕು, ಅಂಚು ತೆಗೆದುಬಿಡಿ ಅನ್ನೋರು ಪ್ರತಿ ಪ್ರಾಜೆಕ್ಟಲ್ಲೂ ಇರ್ತಾರೆ, ನಾನಂತೂ ಒಪ್ಪಲ್ಲ. ಸ್ವಾತಂತ್ರ್ಯ ದೇವತೆ ಪ್ರತಿಮೆಯ ಪಂಜು ಹಿಡಿದ ಕೈ 1876ರಲ್ಲಿ ಫಿಲಡೆಲ್ಫಿಯಾ ಮೇಳದಲ್ಲಿತ್ತು, ಆಮೇಲೆ ಅದೇ ಕೈಯನ್ನ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರಲ್ಲಿ 1882ರ ತನಕ ನಿಲ್ಸಿದ್ರು. ಬರೀ ಕೈಯ ಚಿತ್ರ ನೋಡಿ ಯಾವ ಊರು ಅಂತ ಹೇಗೆ ಹೇಳ್ತೀರಿ? ಫಿಲಡೆಲ್ಫಿಯಾ ಮೇಳದಲ್ಲಿ ಫೋಟೋ ತೆಗೆಯೋ ಹಕ್ಕು ಸೆಂಟೆನಿಯಲ್ ಫೋಟೋಗ್ರಾಫಿಕ್ ಕಂಪನಿಗಿತ್ತು, ಅವರ ಹೆಸರು ಕಾರ್ಡ್ ಮೇಲಿದ್ರೆ ಅರ್ಧ ಕೆಲಸ ಮುಗೀತು. ಶಿಕಾಗೋ ಮೇಳದ ಸ್ಟೀರಿಯೋ ಫೋಟೋ ಹಕ್ಕು ಫೋಟೋಗ್ರಾಫರ್ ಬಿ. ಡಬ್ಲ್ಯು. ಕಿಲ್ಬರ್ನ್ ಅವರದು, ಅವರ ಹೆಸರು, ವರ್ಷ ಎಲ್ಲಾ ಅಂಚಲ್ಲೇ ಅಚ್ಚಾಗಿರುತ್ತೆ, ನಾವು ಕ್ರಾಪ್ ಮಾಡಿ ಎಸೆಯೋದು ಅದನ್ನೇ.

ಎರಡೂ ಅರ್ಧ ಯಾಕೆ ಬೇಕು ಅಂದ್ರೆ, ಶಿಕಾಗೋ ಮೇಳಕ್ಕೆ ಕಟ್ಟಿದ ಬಿಳೀ ಅರಮನೆಗಳು ಪ್ಲಾಸ್ಟರು, ಸೆಣಬಿನ ನಾರಿನ ತಾತ್ಕಾಲಿಕ ಕಟ್ಟಡಗಳು, ಹೆಚ್ಚಿನವು 1894ರ ಬೆಂಕೀಲಿ ಹೋದ್ವು. ಗೋಡೆಗೂ ಮುಂದಿನ ಪ್ರತಿಮೆಗೂ ಎಷ್ಟು ಜಾಗ ಇತ್ತು, ಜನ ಎಲ್ಲಿ ನಿಂತಿದ್ರು ಅನ್ನೋದನ್ನ ಈಗ ಕಣ್ಣಾರೆ ನೋಡೋಕೆ ಈ ಜೋಡಿ ಚಿತ್ರಕ್ಕಿಂತ ಒಳ್ಳೇ ದಾರಿ ನಂಗೆ ಗೊತ್ತಿಲ್ಲ.

ಈಗ ನಮ್ಮಲ್ಲಿ ಪ್ರತಿ ಕಾರ್ಡಿಗೂ ಎರಡು ಫೈಲ್, ಮುಂಭಾಗ ಒಂದು, ಹಿಂಭಾಗ ಒಂದು, ಅಂಚು ಸಮೇತ.