ಅರಿಶಿನ, ಬಿಸಿಲು, ಎಂಟನೇ ಕ್ಲಾಸಿನ ಶನಿವಾರಗಳು

ಜೂನ್, ಮೊದಲ ಶನಿವಾರ

ಎಂಟನೇ ಕ್ಲಾಸಿನ 41 ಮಕ್ಕಳಿಗೆ ಒಂದೊಂದು ಕಾಗದ ಕೊಟ್ಟು, "ನಿಮಗೆ ಇಷ್ಟ ಬಂದದ್ದು ಬರೀರಿ" ಅಂದೆ. ಪೀರಿಯಡ್ ಮುಗಿದ ಮೇಲೆ ಎಲ್ಲವನ್ನೂ ಸ್ಟಾಫ್ ರೂಮಿನ ನೆಲದ ಮೇಲೆ ಹರಡಿಕೊಂಡು ಕೂತೆ. 33 ಕಾಗದಗಳಲ್ಲಿ ಒಂದೇ ಚಿತ್ರ. ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ನದಿ, ದಡದಲ್ಲಿ ಹೆಂಚಿನ ಮನೆ, ಒಂದು ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ.

ನಮ್ಮ ಶಾಲೆ ಇರುವುದು ಮಂಡ್ಯದ ಹತ್ತಿರ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನಲ್ಲಿ. ಕಿಟಕಿ ತೆಗೆದರೆ ಕಬ್ಬು, ಗದ್ದೆ, ದೂರದಲ್ಲಿ ಆಲೆಮನೆಯ ಹೊಗೆ. ಬೆಟ್ಟ ನೋಡಬೇಕು ಅಂದರೆ ಪಾಂಡವಪುರದ ಕುಂತಿಬೆಟ್ಟಕ್ಕೆ ಹೋಗಬೇಕು. ಅದೂ ತ್ರಿಕೋನವಲ್ಲ, ಬಂಡೆಯ ಮೇಲೆ ಬಂಡೆ. ಮಕ್ಕಳು ಕಂಡದ್ದನ್ನು ಬಿಟ್ಟು ಕೈಗೆ ರೂಢಿಯಾದದ್ದನ್ನು ಬರೆಯುತ್ತಿದ್ದಾರೆ. ತಪ್ಪು ಅವರದಲ್ಲ. ಹೀಗೆ ಬರೆದರೆ ಮಾರ್ಕ್ಸ್ ಸಿಗುತ್ತದೆ ಅಂತ ಕಲಿಸಿದವರು ನಾವೇ.

ಅದಕ್ಕೇ ಒಂದು ಲೆಕ್ಕ ಹಾಕಿಕೊಂಡಿದ್ದೇನೆ. ಪರೀಕ್ಷೆಗೆ ಬೇಕಾದ ಡ್ರಾಯಿಂಗ್ ವಾರದ ಪೀರಿಯಡ್‌ನಲ್ಲಿ ನಡೆಯಲಿ. ಶನಿವಾರ ಮಾತ್ರ ಮಕ್ಕಳು ಎಣಿಸಿರದ ಏನಾದರೂ ಒಂದು ಅವರ ಕಾಗದದ ಮೇಲೆ ಆಗಬೇಕು. ದಸರಾ ರಜೆಯವರೆಗೂ ಮಾಡಿ ನೋಡುತ್ತೇನೆ. ಬೇರೆ ಡ್ರಾಯಿಂಗ್ ಟೀಚರ್‌ಗಳಿಗೂ ಉಪಯೋಗಕ್ಕೆ ಬರಲಿ ಅಂತ ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ಜೂನ್, ಮೂರನೇ ಶನಿವಾರ

ದುಡ್ಡಿನ ಮಾತೇ ಇಲ್ಲ, ಹಾಗಾಗಿ ಅಡುಗೆಮನೆಯಿಂದ ಶುರು. ಅರಿಶಿನದ ಪುಡಿಯನ್ನು ನೀರಿಗೆ ಕದಡಿ ತೆಗೆದುಕೊಂಡು ಹೋದೆ. ಎಲೆ ಅಡಿಕೆಗೆ ಹಾಕುವ ಸುಣ್ಣವನ್ನು ಹಿಂದಿನ ರಾತ್ರಿಯೇ ಒಂದು ಚೊಂಬು ನೀರಿನಲ್ಲಿ ಕಲಸಿಟ್ಟು, ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಂಡಿದ್ದೆ. ನೋಡುವುದಕ್ಕೆ ಥೇಟ್ ಕುಡಿಯುವ ನೀರು.

ಮೊದಲು ಅರಿಶಿನದಲ್ಲಿ ಬರೆಯಲು ಹೇಳಿದೆ. "ಬರೀ ಹಳದಿ ಮಿಸ್, ಏನೂ ಕಾಣ್ಸಲ್ಲ" ಅಂತ ಗೊಣಗಿದರು. ಗೊಣಗುತ್ತಲೇ ಮತ್ತೆ ಅದೇ ಬೆಟ್ಟ ಬರೆದರು. ಒಣಗಿದ ಮೇಲೆ ಒಂದೊಂದು ಬಟ್ಟಲಿಗೆ ಸುಣ್ಣದ ತಿಳಿ ಹಾಕಿಕೊಟ್ಟು, "ಈ ನೀರಲ್ಲಿ ಎಲ್ಲಿ ಬೇಕೋ ಅಲ್ಲಿ ಒಂದು ಗೆರೆ ಎಳೀರಿ" ಅಂದೆ. ಹಿಂದಿನ ಬೆಂಚಿನ ಹುಡುಗ ನದಿಯ ಮೇಲೆ ಬ್ರಷ್ ಇಟ್ಟ. ಇಟ್ಟ ಜಾಗ ಕುಂಕುಮದ ಹಾಗೆ ಕೆಂಪಾಯಿತು. ಅವನು ಕೈ ಎತ್ತಿಬಿಟ್ಟ. ಬಟ್ಟಲಿಗೆ ಇಣುಕಿದ. ಕಾಗದ ತಿರುಗಿಸಿ ಹಿಂದೆ ನೋಡಿದ. ಪಕ್ಕದವನ ಕಾಗದ ನೋಡಿದ. ಆಮೇಲೆ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ.

ಅಷ್ಟರಲ್ಲಿ ಹುಡುಗಿಯರ ಸಾಲಿನಿಂದ ಒಂದು ಕೂಗು: "ದೃಷ್ಟಿ ತೆಗ್ಯೋ ನೀರು ಮಿಸ್ ಇದು! ನಮ್ಮಕ್ಕನ್ ಮದ್ವೇಲಿ ಮಾಡಿದ್ರು!" ಸರಿಯಾಗಿಯೇ ಹಿಡಿದಳು. ಆರತಿ ತಟ್ಟೆಯ ಕೆಂಪು ನೀರು ಅರಿಶಿನ ಸುಣ್ಣ ಸೇರಿಯೇ ಆಗೋದು. ಅರಿಶಿನದ ಹಳದಿಗೆ ಕಾರಣ ಕರ್ಕ್ಯುಮಿನ್. ಸುಣ್ಣದಂಥ ಕ್ಷಾರ ತಾಗಿದರೆ ಅದು ಕೆಂಪಾಗುತ್ತದೆ, ಹುಳಿ ತಾಗಿದರೆ ಮತ್ತೆ ಹಳದಿ. ವಿಜ್ಞಾನದ ಪಾಠದಲ್ಲಿ ಸೂಚಕ ಅಂತ ಬರುವುದು ಇದೇ. ನಿಂಬೆಹಣ್ಣಿನ ಹೋಳು ಕೊಟ್ಟಾಗ ಮತ್ತೊಂದು ಗದ್ದಲ.

ಆಮೇಲಿನ ಇಪ್ಪತ್ತು ನಿಮಿಷವೇ ನನಗೆ ಮುಖ್ಯ. ಬೆಟ್ಟವನ್ನು ಎಲ್ಲರೂ ಮರೆತೇಬಿಟ್ಟರು. ಕೆಂಪು ಹರಡಿದ ಕಡೆ ಒಬ್ಬನಿಗೆ ಕೋಳಿಯ ಜುಟ್ಟು ಕಂಡಿತು, ಇನ್ನೊಬ್ಬಳಿಗೆ ಆಲೆಮನೆಯ ಒಲೆ. ಇಷ್ಟು ದಿನ "ಏನ್ ಬರೀಬೇಕು ಮಿಸ್?" ಅಂತ ಕೇಳುತ್ತಿದ್ದವರು ಅವತ್ತು "ಇಲ್ಲಿ ಹಾಕುದ್ರೆ ಏನಾಯ್ತದೆ ಮಿಸ್?" ಅಂತ ಕೇಳಿದರು. ಈ ಎರಡನೇ ಪ್ರಶ್ನೆ ಕೇಳಿಸಿಕೊಳ್ಳುವುದಕ್ಕೆ ಎಷ್ಟು ವರ್ಷ ಕಾದಿದ್ದೆನೋ.

ಒಂದು ಎಚ್ಚರಿಕೆ. ಸುಣ್ಣದ ತಿಳಿ ಕಣ್ಣಿಗೆ ಹಾರಿದರೆ ಅಪಾಯ. ನೀರಿನ ಹಾಗೇ ಕಾಣುವುದರಿಂದ ಯಾರಾದರೂ ಕುಡಿದುಬಿಡಲೂಬಹುದು. ಮುಂದಿನ ವಾರದಿಂದ ಅಡುಗೆ ಸೋಡದ ನೀರಿಗೆ ಬದಲಾದೆ. ಕೆಂಪು ಅಷ್ಟು ಗಾಢವಾಗಿ ಬರಲ್ಲ, ಆದರೆ ನೆಮ್ಮದಿ.

ಜುಲೈ, ಎರಡನೇ ಶನಿವಾರ

ಮಳೆ. ಹಿಂದಿನ ಗೋಡೆ ಸೋರಿ ದೊಡ್ಡ ದೊಡ್ಡ ಕಲೆ. ಆ ಕಲೆಗಳಲ್ಲಿ ಕಂಡದ್ದನ್ನು ಬರೆಯಲು ಹೇಳಿದೆ. ಕಲೆ ಬಿದ್ದ ಗೋಡೆಯನ್ನು ದಿಟ್ಟಿಸಿ ನೋಡಿ, ಅದರಲ್ಲಿ ಬೆಟ್ಟ, ಯುದ್ಧ, ಮುಖ ಎಲ್ಲ ಕಾಣುತ್ತವೆ ಅಂತ 500 ವರ್ಷಗಳ ಹಿಂದೆ ಲಿಯೊನಾರ್ಡೊ ಡ ವಿಂಚಿ ಚಿತ್ರಕಾರರಿಗೆ ಬರೆದಿಟ್ಟಿದ್ದ. ನಮ್ಮವರಿಗೆ ಎಮ್ಮೆ ಕಂಡಿತು, ಬಸ್ಸು ಕಂಡಿತು. ಪರವಾಗಿಲ್ಲ ಅನ್ನುವ ಹಾಗೆ ಆಯಿತು.

ಜುಲೈ, ನಾಲ್ಕನೇ ಶನಿವಾರ

ಈ ವಾರ ನಾನು ತಪ್ಪು ಮಾಡಿದೆ.

ಎರಡು ವಾರದಿಂದ ಅವರವರ ಮನೆಯ ಒಂದು ಪ್ರಾಣಿಯನ್ನೋ ವಸ್ತುವನ್ನೋ ನೋಡಿ ಬರೆಯುತ್ತಿದ್ದರು. ಎಲ್ಲರೂ ಮಗ್ನರಾಗಿದ್ದಾಗ ಚಪ್ಪಾಳೆ ತಟ್ಟಿ, "ಈಗ ನಿಮ್ಮ ಕಾಗದ ಪಕ್ಕದವರಿಗೆ ಕೊಡಿ, ಅವರು ಮುಂದುವರಿಸಲಿ" ಅಂದೆ. ಇದೂ ಒಂದು ಅಚ್ಚರಿ ಅಂತ ನಾನು ಅಂದುಕೊಂಡಿದ್ದೆ. ಎರಡನೇ ಸಾಲಿನ ಒಬ್ಬಳು ತನ್ನ ತಾತನ ಹಳ್ಳಿಕಾರ್ ಎತ್ತನ್ನು ಬರೆಯುತ್ತಿದ್ದಳು. ಹಿಂದಕ್ಕೆ ಬಾಗಿದ ಆ ಉದ್ದ ಕೊಂಬುಗಳನ್ನು ಅಳಿಸಿ ಅಳಿಸಿ ಸರಿ ಮಾಡಿಕೊಂಡಿದ್ದಳು. ನಾನು ಹೇಳಿದ ಕೂಡಲೇ ಎರಡೂ ಅಂಗೈ ಕಾಗದದ ಮೇಲೆ ಇಟ್ಟಳು. ನಾನು, "ಕೊಡಮ್ಮಾ, ಆಟ ಅಷ್ಟೇ" ಅಂದೆ. ಕೊಟ್ಟಳು. ಪಕ್ಕದವನು ಎತ್ತಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಒಬ್ಬ ಸವಾರನನ್ನು ಕೂರಿಸಿದ. ಅವಳು ಪೀರಿಯಡ್ ಮುಗಿಯುವವರೆಗೂ ಪೆನ್ಸಿಲ್ ಮುಟ್ಟಲಿಲ್ಲ.

ಮುಂದಿನ ಶನಿವಾರ ಎಲ್ಲರ ಎದುರಿಗೇ ಅವಳ ಹತ್ತಿರ ಕ್ಷಮೆ ಕೇಳಿದೆ. ಅವಳು "ಬುಡಿ ಮಿಸ್" ಅಂದಳು. ಆದರೆ ಮುಖ ಇನ್ನೂ ಬಿಗಿಯಾಗಿಯೇ ಇತ್ತು.

ಸುಣ್ಣದ ನೀರಿನ ದಿನ ಆದದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ. ಅವತ್ತು ಬಣ್ಣ ತಾನಾಗಿ ಬದಲಾಯಿತು, ಕಾಗದ ಮಗುವಿನ ಕೈಯಲ್ಲೇ ಉಳಿಯಿತು. ಇವತ್ತು ನಾನು ಕೈಯಿಂದ ಕಿತ್ತುಕೊಂಡೆ. ಇನ್ನು ಮೇಲೆ ಅಚ್ಚರಿ ಸಾಮಾನಿನಿಂದ ಬರಬೇಕು, ನನ್ನ ಅಪ್ಪಣೆಯಿಂದ ಬರಬಾರದು ಅಂತ ಡೈರಿಯ ಮೊದಲ ಪುಟದಲ್ಲೇ ಬರೆದುಕೊಂಡಿದ್ದೇನೆ.

ಆಗಸ್ಟ್, ಮೊದಲ ವಾರ

ಜೂನ್‌ನ ಅರಿಶಿನದ ಚಿತ್ರಗಳನ್ನು ಕಿಟಕಿಯ ಎದುರಿನ ಗೋಡೆಗೆ ಅಂಟಿಸಿದ್ದೆ. ಒಂದರ ಮೇಲೆ ಯಾರೋ ರಜೆಯ ನೋಟಿಸು ಅಂಟಿಸಿಬಿಟ್ಟಿದ್ದರು. ಇವತ್ತು ಅದನ್ನು ತೆಗೆದರೆ ಅಡಿಯಲ್ಲಿ ಅಚ್ಚ ಹಳದಿಯ ಚೌಕ. ಸುತ್ತಲಿನದೆಲ್ಲ ಬಿಸಿಲಿಗೆ ಮಾಸಿ ಹಾಲಿನ ಕೆನೆಯ ಬಣ್ಣಕ್ಕೆ ಬಂದಿತ್ತು. ನೋಡಿ ಅಲ್ಲೇ ನಿಂತುಬಿಟ್ಟೆ. ಈ ಸಲ ಅಚ್ಚರಿ ನನ್ನ ಪಾಲಿಗೆ.

ಮನೆಗೆ ಬಂದು ಹುಡುಕಿದೆ. ಇದಕ್ಕೆ ಹೆಸರೇ ಇದೆ, ಆಂಥೋಟೈಪ್. ಹೂವು ಎಲೆಗಳ ರಸ ಬಳಿದ ಕಾಗದವನ್ನು ಬಿಸಿಲಿಗಿಟ್ಟು ಚಿತ್ರ ಮೂಡಿಸುವ ಬಗ್ಗೆ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲೇ ಬರೆದಿದ್ದರು. ಬಿಸಿಲಿನಲ್ಲಿ ನೀಲಿ ಚಿತ್ರ ಮೂಡಿಸುವ, ಮುಂದೆ ಬ್ಲೂಪ್ರಿಂಟ್‌ಗೆ ದಾರಿಯಾದ ಸಯನೋಟೈಪ್ ಕಂಡುಹಿಡಿದದ್ದೂ ಅವರೇ, ಅದೇ ವರ್ಷ. ಕ್ಯಾಮೆರಾ ಬೇಡ, ಕತ್ತಲೆ ಕೋಣೆ ಬೇಡ.

ಆಗಸ್ಟ್, ಮುಂದಿನ ಮೂರು ಶನಿವಾರಗಳು

ಮೊದಲ ಸಲ ನೀರಿನಲ್ಲಿ ಕದಡಿದ ಅರಿಶಿನವನ್ನೇ ಬಳಿದೆವು. ಪುಡಿ ಉದುರಿತು, ಚಿತ್ರ ತರಿತರಿ. ಅರಿಶಿನದ ಬಣ್ಣ ನೀರಿನಲ್ಲಿ ಸರಿಯಾಗಿ ಕರಗಲ್ಲ. ಮೆಡಿಕಲ್ ಸ್ಟೋರಿನ ಸ್ಪಿರಿಟ್‌ನಲ್ಲಿ ಕರಗುತ್ತದೆ. ಸ್ಪಿರಿಟ್‌ಗೆ ಬೆಂಕಿ ಬೇಗ ಹತ್ತುತ್ತದೆ, ಹಾಗಾಗಿ ಆ ಕೆಲಸ ಮಕ್ಕಳಿಗೆ ಕೊಡಲಿಲ್ಲ. ಮನೆಯಲ್ಲೇ ಒಲೆಯಿಂದ ದೂರ ಕಿಟಕಿ ತೆರೆದಿಟ್ಟುಕೊಂಡು, ಪುಡಿ ನೆನೆಸಿ, ಹಳೇ ಪಂಚೆಯಲ್ಲಿ ಸೋಸಿ, ದಪ್ಪ ಡ್ರಾಯಿಂಗ್ ಶೀಟಿಗೆ ಎರಡು ಕೈ ಬಳಿದು ನೆರಳಲ್ಲಿ ಒಣಗಿಸಿದೆ. ಬಣ್ಣ ನುಣ್ಣಗೆ ಕೂತಿತು.

ಅದರ ಮೇಲೆ ಏನಿಡಬೇಕು ಅನ್ನುವುದನ್ನು ಮಕ್ಕಳಿಗೇ ಬಿಟ್ಟೆ. ಹೊಂಗೆ ಎಲೆ, ನುಗ್ಗೆ ಸೊಪ್ಪು, ಕಬ್ಬಿನ ಗರಿಯ ತುಂಡು, ಒಡೆದ ಬಳೆ, ಕೋಳಿ ಪುಕ್ಕ. ಮೇಲೆ ಹಳೇ ಫೋಟೋ ಫ್ರೇಮಿನ ಗಾಜು. ಬಿಸಿಲು ಚೆನ್ನಾಗಿದ್ದ ದಿನ ಮೂರು ನಾಲ್ಕು ಗಂಟೆ ಸಾಕಾಯಿತು. ಮೋಡದ ದಿನ ಸಂಜೆಯಾದರೂ ಏನೂ ಆಗಲಿಲ್ಲ, ಸೋಮವಾರ ಮತ್ತೆ ಇಟ್ಟೆವು. ನಡುವೆ ಎತ್ತಿ ನೋಡಿದವರ ಚಿತ್ರ ಅಲುಗಿ ಮಸುಕಾಯಿತು. ಕಾಯುವುದನ್ನು ನಾನು ಬಾಯಲ್ಲಿ ಹೇಳಿ ಕಲಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಎಲೆ ತೆಗೆದಾಗ ಹಳದಿ ನೆರಳು. ಮೇಲೆ ಸೋಡದ ನೀರು ಚಿಮುಕಿಸಿದರೆ ಆ ನೆರಳು ಇಟ್ಟಿಗೆಯ ಕೆಂಪಿಗೆ ತಿರುಗಿತು. ನುಗ್ಗೆ ಸೊಪ್ಪಿನ ಒಂದೊಂದು ಪುಟ್ಟ ಎಲೆಯೂ ಬಿಡಿಬಿಡಿಯಾಗಿ ಮೂಡಿತ್ತು. ಇವನ್ನು ಗೋಡೆಗೆ ಹಾಕಿದರೆ ಮತ್ತೆ ಮಾಸುತ್ತವೆ, ಪುಸ್ತಕದೊಳಗೆ ಇಡಬೇಕು.

ಸೆಪ್ಟೆಂಬರ್

ರೈಲಿನಲ್ಲಿ ಮೈಸೂರಿಗೆ ಹೋಗಿ ಜಗನ್ಮೋಹನ ಅರಮನೆಯ ಚಿತ್ರಶಾಲೆ ನೋಡಿ ಬಂದೆವು. ದೀಪ ಹಿಡಿದ ಹೆಂಗಸಿನ ಚಿತ್ರದ ಎದುರು ಎಲ್ಲರೂ "ರವಿವರ್ಮ!" ಅಂದರು. ತುಂಬ ಜನ ಹಾಗೇ ಅಂದುಕೊಂಡಿದ್ದಾರೆ. ಬರೆದವರು ಎಸ್. ಎಲ್. ಹಲ್ದಣಕರ್. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಅದು ಎಣ್ಣೆ ಬಣ್ಣವೂ ಅಲ್ಲ, ಜಲವರ್ಣ ಅಂದಾಗ ಮಕ್ಕಳು ನಂಬಲಿಲ್ಲ. ಬೆರಳಿನ ಸಂದಿನಲ್ಲಿ ಕೆಂಪಗೆ ಹೊಳೆಯುವ ಬೆಳಕನ್ನು ನೋಡುತ್ತಾ ನಿಂತರು. ಜಲವರ್ಣದಲ್ಲಿ ಬೆಳಕು ಬೇಕಾದ ಕಡೆ ಸಾಮಾನ್ಯವಾಗಿ ಬಣ್ಣ ತೆಳ್ಳಗೆ ಹಚ್ಚಿ ಕಾಗದದ ಬಿಳಿಯನ್ನೇ ಉಳಿಸಿಕೊಳ್ಳುತ್ತಾರೆ ಅಂತ ಹೇಳಿದೆ. ಹಿಂದಿನ ಬೆಂಚಿನ ಹುಡುಗ ತಕ್ಷಣ, "ನಮ್ ಎಲೆ ಇದ್ದಂಗೆ ಅಲ್ವಾ ಮಿಸ್, ಮುಚ್ಚಿದ್ ಕಡೆ ಉಳ್ಕತದೆ" ಅಂದ. ನಾನು ಈ ಹೋಲಿಕೆ ಯೋಚಿಸಿಯೇ ಇರಲಿಲ್ಲ.

ಕಾಗದ ಬದಲಾಯಿಸುವ ಆಟವನ್ನೂ ಮತ್ತೆ ಮಾಡಿದೆ, ಆದರೆ ನಿಯಮವನ್ನು ಮೊದಲೇ ಹೇಳಿ. ಕಾಗದ ಮೂರು ಮಡಿಕೆ. ಒಬ್ಬರು ತಲೆ, ಒಬ್ಬರು ಹೊಟ್ಟೆ, ಒಬ್ಬರು ಕಾಲು, ಒಬ್ಬರದು ಇನ್ನೊಬ್ಬರಿಗೆ ಕಾಣಬಾರದು. ಕನಸಿನಂಥ ವಿಚಿತ್ರಗಳನ್ನು ಬರೆಯುತ್ತಿದ್ದ ಪ್ಯಾರಿಸ್ಸಿನ ಸರ್ರಿಯಲಿಸ್ಟ್ ಕಲಾವಿದರು 1925ರ ಸುಮಾರಿಗೆ ಆಡುತ್ತಿದ್ದ ಆಟ ಇದು. ಬಿಚ್ಚಿದಾಗ ಸೋಮನ ಕುಣಿತದ ಮುಖವಾಡದಂಥ ಮುಖ, ಟ್ರ್ಯಾಕ್ಟರಿನ ಹೊಟ್ಟೆ, ಕೋಳಿಯ ಕಾಲು. ಎತ್ತಿನ ಹುಡುಗಿ ಅವತ್ತು ಬಾಯಿ ತುಂಬ ನಕ್ಕಳು.

ಸೆಪ್ಟೆಂಬರ್ ಕೊನೆಯ ಶನಿವಾರ

ಮತ್ತೆ 41 ಕಾಗದ ಕೊಟ್ಟು ಅದೇ ಮಾತು ಹೇಳಿದೆ, "ಇಷ್ಟ ಬಂದದ್ದು ಬರೀರಿ." ಬೆಟ್ಟ ಸೂರ್ಯ 11 ಕಾಗದಗಳಲ್ಲಿ ಬಂತು. ಅದರಲ್ಲಿ ಒಂದು ಕುಂತಿಬೆಟ್ಟವೇ, ಬಂಡೆ ಸಮೇತ. ಉಳಿದವುಗಳಲ್ಲಿ ನಾಲೆಯ ತೂಬು ಇದೆ, ಕಬ್ಬು ತುಂಬಿದ ಗಾಡಿ ಇದೆ, ಸುಮ್ನೆ ಮೂರು ಬಣ್ಣ ಹರಿದಾಡಿದ್ದೂ ಇದೆ. ಎಲ್ಲವೂ ಚೆನ್ನಾಗಿಲ್ಲ. ಆದರೆ ನೆಲದ ಮೇಲೆ ಹರಡಿದರೆ ಯಾವುದು ಯಾರದು ಅಂತ ಹೆಸರು ನೋಡದೆ ಹೇಳಬಲ್ಲೆ.

ಅವತ್ತೇ ಆ ಹುಡುಗಿ ರಟ್ಟಿನಲ್ಲಿ ಎತ್ತು ಕತ್ತರಿಸಿಕೊಂಡು ಬಂದಿದ್ದಳು. ಅರಿಶಿನದ ಕಾಗದದ ಮೇಲೆ ಇಟ್ಟು ಬಿಸಿಲಿಗೆ ಹೊರಟಳು. ಹನ್ನೊಂದು ಗಂಟೆಗೆ ಮೋಡ ಕವಿಯಿತು. ಸೋಮವಾರ ಮಧ್ಯಾಹ್ನದವರೆಗೂ ಕಾದಳು. ರಟ್ಟು ಬಿಸಿಲಿಗೆ ಸೊಟ್ಟಗಾಗಿ ಮೈಯೆಲ್ಲ ಮಸುಕು. ಕೊಂಬು ಎರಡು ಮಾತ್ರ ಅಂಚು ಕೊಯ್ದ ಹಾಗೆ ಸ್ಪಷ್ಟವಾಗಿ ಬಂದಿದ್ದವು. ಸೋಡದ ನೀರು ಹಾಕಿದಾಗ ಆ ಎರಡು ಕೊಂಬು ಕೆಂಪಗಾದವು. ಬಹಳ ಹೊತ್ತು ನೋಡಿದಳು. ಆಮೇಲೆ, "ಇನ್ನೊಂದ್ ಕಾಗ್ದ ಇದ್ಯಾ ಮಿಸ್? ಈ ಸಲ ರಟ್ ಮೇಲೆ ಗಾಜು ಇಡ್ತೀನಿ" ಅಂದಳು.

ಇವತ್ತು ರಾತ್ರಿ ಆರು ಶೀಟು ಬಳಿದು ಒಣಗಲು ಇಟ್ಟಿದ್ದೇನೆ.