ಬೀರುವಿನೊಳಗಿನ ಹಿಮ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ ಅಂತ ಸುಮ್ನೆ ಸಿ.ಎಸ್. ಲೂಯಿಸ್ ಬರೆದ ಮಕ್ಕಳ ಕಥೆಗಳ ಸರಣಿ ನಾರ್ನಿಯಾದ 1950ರ ಆ ಮೊದಲ ಪುಸ್ತಕ ತೆಗೆದೆ. ಲಂಡನ್ನಿನ ಮೇಲೆ ಬಾಂಬ್ ಬೀಳುವ ಕಾಲ, ಒಡಹುಟ್ಟಿದ ನಾಲ್ವರನ್ನು ಹಳ್ಳಿಕಡೆಯ ಒಬ್ಬ ಪ್ರೊಫೆಸರ್ ಮನೆಗೆ ಕಳಿಸಿರುತ್ತಾರೆ. ಕೊನೆಯವಳು ಲೂಸಿ ಬಟ್ಟೆ ಬೀರುವಿಗೆ ನುಗ್ಗಿ ತುಪ್ಪಳದ ಕೋಟು ಸರಿಸುತ್ತಾ ಹೋದರೆ ಕಾಲಡಿ ಏನೋ ಕರಕರ ಅನ್ನುತ್ತದೆ, ನುಸಿಗುಳಿಗೆ ಇರಬೇಕು ಅಂತ ಬಗ್ಗಿ ಮುಟ್ಟಿದರೆ ತಣ್ಣಗಿನ ಹಿಮ!

ಆದರೆ ನನ್ನನ್ನು ಜಾಸ್ತಿ ಕಾಡುವವನು ಲೂಸಿಯ ಚಿಕ್ಕಣ್ಣ ಎಡ್ಮಂಡ್. ಅವನೂ ಬೀರುವಿನೊಳಗೆ ಹೋಗಿ, ಆ ಹಿಮದ ಲೋಕದ ಮಾಟಗಾತಿ ಕೊಟ್ಟ ಟರ್ಕಿಷ್ ಡಿಲೈಟ್ ಅನ್ನೋ ಮಿಠಾಯಿಯನ್ನು ಡಬ್ಬಿ ಪೂರ್ತಿ ತಿಂದು ಬಂದಿರುತ್ತಾನೆ. ಆದರೂ ಲೂಸಿ ನಿಜ ಹೇಳಿದಾಗ, ಅಣ್ಣ, ಅಕ್ಕನ ಮುಂದೆ ಅದೆಲ್ಲ ಬರೀ ಆಟ ಅಂದುಬಿಡುತ್ತಾನೆ. ಮಾಟಗಾತಿಗಿಂತ ಇದೇ ಕ್ರೂರ ಅಲ್ವಾ? ಚಿಕ್ಕಂದಿನಲ್ಲಿ ನಾನೂ ತಂಗಿಗೆ ಹೀಗೇ ಕೈಕೊಟ್ಟಿದ್ದೆ, ಅಟ್ಟದ ಮೇಲಿನ ಬೆಲ್ಲದ ವಿಷಯದಲ್ಲಿ.